ಹೆಣ್ಣೊಪ್ಪಿಸುವ ಮಟ್ಟು

ನನ್ನ ಬಾಯಿ ದೊಡ್ಡದು. ಇದನ್ನು ನಾನೇ ಹೇಳಿಕೊಂಡುಬಿಟ್ಟರೆ ನಮ್ಮ ಮನೆಯವರಿಗೆ ಹೇಳುವ ಶ್ರಮ ತಪ್ಪುತ್ತದೆ. ಪಾಂಡವಪುರದ ಹತ್ತಿರ ನಾವಿರುವ ಊರಿನಲ್ಲಿ ನಾನು ಹಿತ್ತಿಲಲ್ಲಿ ನಿಂತು ಎಮ್ಮೆಯನ್ನು ಬೈದರೆ ಡೇರಿ ಮುಂದೆ ಹಾಲು ಹಾಕಲು ನಿಂತವರು ನಗುತ್ತಾರೆ. ಹೆಂಗಸರ ಸಂಘಕ್ಕೆ ನನ್ನನ್ನು ಅಧ್ಯಕ್ಷೆ ಮಾಡಿದ್ದೂ ಅದಕ್ಕೇ ಇರಬೇಕು. ಮೈಕು ಕೆಟ್ಟರೂ ನನ್ನ ಸಭೆ ನಿಲ್ಲುವುದಿಲ್ಲ.

ಆ ಬಾಯಿಯಿಂದ ನಾನು ನಮ್ಮಣ್ಣನಿಗೆ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋಗಿ ಆಗಲಿಲ್ಲ.

ನಮ್ಮ ತೌರು ಅರಕೆರೆ. ನನಗೆ ಏಳು ವರ್ಷವಾಗಿದ್ದಾಗ ಅವ್ವ ಹೋದಳು. ಅಪ್ಪ ಇದ್ದ, ಆದರೆ ಗದ್ದೆಗೆ ಹೋದರೆ ನೀರಿನ ಜೊತೆ ಮಾತಾಡಿಕೊಂಡು ಅಲ್ಲೇ ಇದ್ದುಬಿಡುತ್ತಿದ್ದ. ಅಣ್ಣನಿಗೆ ಆಗ ಹತ್ತೊಂಬತ್ತು. ನನ್ನ ತಲೆ ಬಾಚಿ ಜಡೆ ಹಾಕುವುದನ್ನು ಅವನು ಹಗ್ಗ ಹೊಸೆದು ಅಭ್ಯಾಸವಿದ್ದ ಕೈಯಲ್ಲೇ ಕಲಿತ. ಎಷ್ಟು ಬಿಗಿಯಾಗಿ ಹಾಕುತ್ತಿದ್ದನೆಂದರೆ ನನ್ನ ಹುಬ್ಬು ಮೇಲಕ್ಕೇರಿ ಇಡೀ ದಿನ ಏನೋ ಆಶ್ಚರ್ಯಪಟ್ಟವಳ ಹಾಗೆ ಕಾಣುತ್ತಿದ್ದೆ. ಸ್ಕೂಲಿನಲ್ಲಿ ಮೇಷ್ಟ್ರು ನಗುತ್ತಿದ್ದರು.

ಅವ್ವ ಹೋದ ಮೇಲೆ ನಾನು ಮಾತು ಬಿಟ್ಟಿದ್ದೆನಂತೆ. ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಎರಡು ತಿಂಗಳು ಕೇಳಿದ್ದಕ್ಕೆ ತಲೆಯಾಡಿಸಿಕೊಂಡು ಇದ್ದೆ. ಒಂದು ಭಾನುವಾರ ಅಣ್ಣ ನನ್ನನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದ. ಟಾಕೀಸಿನ ಗೋಡೆಗೆ ಅಂಟಿಸಿದ್ದ ಪೋಸ್ಟರಿನಲ್ಲಿ ಒಂದು ಹೊಳೆ, ಹೊಳೆಯಲ್ಲಿ ತೆಪ್ಪ, ತೆಪ್ಪದಲ್ಲಿ ಮದುವಣಗಿತ್ತಿ.

"ನೋಡವ್ವ, ನಮ್ಮ ಒಳೆದೇ ಪಿಚ್ಚರು" ಎಂದು ಹೇಳಿ, ಅಕ್ಷರ ಓದಲು ಬಾರದವನು ಚಿತ್ರ ನೋಡಿಯೇ ಮ್ಯಾಟ್ನಿಗೆ ಟಿಕೆಟ್ ತೆಗೆದ. ಒಳಗೆ ಹೋಗಿ ಕೂತು ಪರದೆಯ ಮೇಲಿನ ಜನ ಬಾಯಿ ಬಿಟ್ಟಾಗ ಗೊತ್ತಾಯಿತು, ಅದು ತಮಿಳು. ಆಗ ಭಾನುವಾರದ ಮ್ಯಾಟ್ನಿಗೆ ಹಳೆಯ ತಮಿಳು ಚಿತ್ರಗಳನ್ನು ಹಾಕುತ್ತಿದ್ದರು. ನಮ್ಮಣ್ಣನಿಗೆ ನಮ್ಮ ಮನೆಯ ಎತ್ತಿಗೆ ಎಷ್ಟು ಗೊತ್ತಿತ್ತೋ ಅಷ್ಟೇ ತಮಿಳು ಗೊತ್ತಿದ್ದದ್ದು.

ಎರಡು ತಿಂಗಳ ಮೇಲೆ ನಾನು ಮೊದಲ ಸಲ ಬಾಯಿ ಬಿಟ್ಟಿದ್ದು ಆ ಕತ್ತಲೆಯಲ್ಲಿ. "ಅಣ್ಣ, ಏನಂತಾವ್ರೆ?" ಎಂದೆ.

ಅವನು ಎಷ್ಟು ಹೊತ್ತು ನನ್ನನ್ನೇ ನೋಡಿದನೋ. ಆಮೇಲೆ ಬಗ್ಗಿ ಕಿವಿಯಲ್ಲಿ ಹೇಳಿದ. "ತಾಳು, ಯೋಳ್ತೀನಿ. ಅವ್ನು ತೆಪ್ಪ ಆಕೋನು. ಅವ್ಳು ಅವ್ನ ತಂಗಿ. ಅವ್ರಿಗೆ ಅವ್ವ ಇಲ್ಲ."

ಹಾಗೆ ಶುರುವಾಯಿತು. ಪರದೆಯ ಮೇಲೆ ಒಬ್ಬರು ಒಂದು ಮಾತಾಡಿದರೆ ನಮ್ಮಣ್ಣ ಮೂರು ಮಾತು ಹೇಳುತ್ತಿದ್ದ. ಹಿಂದಿನ ಸಾಲಿನವರು ಒಂದೆರಡು ಸಲ ಗದರಿದರು. ಅವನು ಬಾಯಿಯನ್ನು ನನ್ನ ಕಿವಿಗೆ ಇನ್ನೂ ಹತ್ತಿರ ತಂದು ಮುಂದುವರಿಸಿದ. ಬೀಡಿಯ ವಾಸನೆ, ಹಸಿ ಹುಲ್ಲಿನ ವಾಸನೆ. ಆ ಸಿನಿಮಾ ನನಗೆ ಇವತ್ತಿಗೂ ಅವನ ಗಂಟಲಿನಲ್ಲೇ ಕೇಳುವುದು.

ನಡುವೆ ಒಂದು ಹಾಡು ಬಂತು. ತಂಗಿಗೆ ಮದುವೆಯಾಗಿದೆ, ಗಂಡನ ಮನೆ ಆಚೆ ದಡದಲ್ಲಿ. ಅಣ್ಣನೇ ತೆಪ್ಪದಲ್ಲಿ ಕೂರಿಸಿಕೊಂಡು ಹುಟ್ಟು ಹಾಕುತ್ತಾ ಹಾಡುತ್ತಾನೆ. ಮೊದಲು ಬರೀ ಕೊಳಲು, ಆಮೇಲೆ ಹುಟ್ಟು ನೀರಿಗೆ ಬೀಳುವ ಲೆಕ್ಕಕ್ಕೆ ಸರಿಯಾಗಿ ತಬಲಾ. ಹಾಡು ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಬಂದು, ಇನ್ನೇನು ಮೇಲೆ ಮುಟ್ಟಬೇಕು ಎನ್ನುವಾಗ ಒಂದು ಕಡೆ ನಿಂತುಬಿಡುತ್ತದೆ. ಹಾಡುವವನು ಅಲ್ಲಿ ಉಸಿರೆಳೆದುಕೊಳ್ಳುತ್ತಾನೆ. ಎಳೆದುಕೊಂಡವನು ಮೇಲಕ್ಕೆ ಹೋಗುತ್ತಾನೆ ಅಂದುಕೊಂಡರೆ ಇಲ್ಲ, ಮೆಲ್ಲಗೆ ಕೆಳಗಿಳಿದು ಬಂದು ತೆಪ್ಪದಲ್ಲಿ ತಂಗಿಯ ಪಕ್ಕ ಕೂತ ಹಾಗೆ ಹಾಡನ್ನು ಮುಗಿಸುತ್ತಾನೆ. ಅಣ್ಣ ಆ ಹಾಡಿನಲ್ಲಿ ಮಾತ್ರ ನನಗೆ ಏನೂ ಹೇಳಲಿಲ್ಲ.

ಆಮೇಲೆ ಒಂದು ದೃಶ್ಯ. ತಂಗಿಗೆ ಮಗುವಾಗಿದೆ, ನಾಮಕರಣ. ತೆಪ್ಪದವನು ಹರಿದ ಅಂಗಿಯಲ್ಲೇ ದೊಡ್ಡಮನೆಯ ಮುಂದೆ ಬಂದು ನಿಲ್ಲುತ್ತಾನೆ. ತಂಗಿ ಬಾಗಿಲಿಗೆ ಬರುತ್ತಾಳೆ. ಬಾಗಿಲು ಹಾಕಿಕೊಳ್ಳುತ್ತಾಳೆ.

"ಯಾಕಣ್ಣ ಬಾಗ್ಲಾಕ್ಕಂಡ್ಲು?" ಎಂದು ಕೇಳಿದೆ.

ಅವನು ನನ್ನ ಜಡೆ ಹಿಂದಕ್ಕೆ ಸರಿಸಿ ಕಿವಿಯಲ್ಲಿ ಹೇಳಿದ. "ಅವ್ಳು ನೋಡ್ನಿಲ್ಲ ಕಣವ್ವ. ಬಿಸ್ಲು ಕಣ್ಗೆ ಒಡೀತಿತ್ತು."

ಪರದೆಯ ಮೇಲೆ ಜನ ಹೊಳೆದಂಡೆಯ ಕಡೆ ಓಡುತ್ತಿದ್ದಾಗ, ಸಿನಿಮಾ ಮುಗಿಯುವುದರೊಳಗೆ ಅವನು ಎದ್ದ. "ಏಳು, ಬಸ್ಸು ಓಯ್ತದೆ" ಎಂದು ನನ್ನನ್ನು ಎತ್ತಿಕೊಂಡು ಹೊರಗೆ ಬಂದುಬಿಟ್ಟ. ನಾನು ರಚ್ಚೆ ಹಿಡಿದೆ. ಮುಂದೇನಾಯ್ತು, ಮುಂದೇನಾಯ್ತು ಎಂದು ಬಸ್‌ಸ್ಟ್ಯಾಂಡಿನವರೆಗೂ ಕಿರುಚಿಕೊಂಡೇ ಬಂದೆ.

"ಏನಾಯ್ತದೆ? ಇಬ್ರೂ ಚೆನ್ನಾಗಿರ್ತಾರೆ" ಎಂದ. ಕಡಲೆಕಾಯಿ ಕೊಡಿಸಿದ. ಒಂದು ಪೊಟ್ಟಣ ಕಡಲೆಕಾಯಿಯನ್ನು ಒಂದೊಂದೇ ಬಿಡಿಸಿ ತಿಂದು ಮುಗಿಸಿದರೂ ಅರಕೆರೆ ಬಸ್ಸು ಬಂದಿರಲಿಲ್ಲ. ಅಷ್ಟು ಅವಸರದಲ್ಲಿ ಯಾಕೆ ಎಬ್ಬಿಸಿಕೊಂಡು ಬಂದ ಎಂದು ನನಗೆ ಸಿಟ್ಟು ಬಂದಿತ್ತು.

ಅಲ್ಲಿಂದ ಮುಂದೆ ಆ ಹಾಡು ನಮ್ಮ ಕೊಟ್ಟಿಗೆಯಲ್ಲಿ ಉಳಿಯಿತು. ಅಣ್ಣನಿಗೆ ಅದರ ಒಂದು ಪದವೂ ಗೊತ್ತಿಲ್ಲ. ಹಾಲು ಕರೆಯುವಾಗ ಮೂಗಿನಲ್ಲೇ ಗುನುಗುತ್ತಿದ್ದ. ಆ ಉಸಿರೆಳೆಯುವ ಜಾಗ ಬಂದಾಗ ಕೈಯನ್ನೂ ನಿಲ್ಲಿಸುತ್ತಿದ್ದ. ಪಾತ್ರೆಗೆ ಹಾಲು ಬೀಳುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು. ನಾನು ಒಲೆ ಮುಂದೆ ಕೂತು ಆ ನಿಲುಗಡೆಗಾಗಿ ಕಾಯುತ್ತಿದ್ದೆ.

ನನ್ನ ಮದುವೆ ನಮ್ಮನೆ ಮುಂದಿನ ಚಪ್ಪರದಲ್ಲೇ ಆಯಿತು. ವಾಲಗದವರು ನಾಗಮಂಗಲದ ಕಡೆಯವರು, ನಾಗಸ್ವರ ಊದುವವರು ವಯಸ್ಸಾದವರು. ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ಮುಂಚೆ ನಮ್ಮಣ್ಣ ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು ಏನೋ ಗುನುಗುತ್ತಿದ್ದುದು ನನಗೆ ಬಾಸಿಂಗದ ಸಂದಿಯಿಂದ ಕಾಣಿಸುತ್ತಿತ್ತು. ಮುದುಕರು ಕಿವಿ ಕೊಟ್ಟು ಕೇಳಿದರು, ಮೆಲ್ಲಗೆ ಊದಿ ನೋಡಿದರು, ತಲೆಯಾಡಿಸಿ ಇನ್ನೊಂದು ಸಲ ಗುನುಗಿಸಿದರು. ಎರಡನೇ ಸಲಕ್ಕೆ ಹಾಡು ಅವರ ಕೈಗೆ ಬಂತು.

ನಮ್ಮ ಕಡೆ ಆ ಶಾಸ್ತ್ರದಲ್ಲಿ ಹೆಣ್ಣಿನ ಕೈಯನ್ನು ಹಾಲಿನಲ್ಲಿ ಅದ್ದಿ ಗಂಡಿನ ಮನೆಯವರ ಕೈಮೇಲಿಟ್ಟು ಒಪ್ಪಿಸುತ್ತಾರೆ. ಅವ್ವ ಇಲ್ಲದ ಮನೆ, ಅಪ್ಪ ಮಾತು ಬಾರದವನ ಹಾಗೆ ನಿಂತಿದ್ದ. ಅಣ್ಣನೇ ನನ್ನ ಕೈ ಹಿಡಿದು ಹಾಲಿನ ತಟ್ಟೆಗೆ ಅದ್ದಿದ. ಆಗ ವಾಲಗದಲ್ಲಿ ಆ ತೆಪ್ಪದ ಹಾಡು ಎದ್ದಿತು. ಉಸಿರೆಳೆಯುವ ಜಾಗದಲ್ಲಿ ನಾಗಸ್ವರ ನಿಂತಾಗ ಚಪ್ಪರದಲ್ಲಿ ಇದ್ದಷ್ಟೂ ಜನ ಉಸಿರು ಹಿಡಿದರು. ನನ್ನ ಅತ್ತೆ ಗಟ್ಟಿಗಿತ್ತಿ, ಅವರೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಆ ಮುದುಕರು ಅದನ್ನು ಅಲ್ಲಿಗೇ ಬಿಡಲಿಲ್ಲ. ಹೋದ ಹೋದ ಮದುವೆಯಲ್ಲೆಲ್ಲ ಊದಿದರು. ಅವರ ಮಗನೂ ಕಲಿತ, ಪಕ್ಕದ ಮೇಳದವರೂ ಎತ್ತಿಕೊಂಡರು. ಐದಾರು ವರ್ಷದಲ್ಲಿ ಕೆ.ಆರ್. ಪೇಟೆ ಕಡೆ ಮದುವೆಗೆ ಹೋದರೂ ಅದೇ, ಮೇಲುಕೋಟೆ ತಪ್ಪಲಿನ ಊರುಗಳಿಗೆ ಹೋದರೂ ಅದೇ. ಜನ ಅದಕ್ಕೆ ಹೆಣ್ಣೊಪ್ಪಿಸುವ ಮಟ್ಟು ಎಂದು ಹೆಸರಿಟ್ಟರು. ಯಾವುದೋ ಹಳೇ ಕಾಲದ ಸೋಬಾನೆ ಪದ ಅಂತಲೇ ಎಲ್ಲರ ನಂಬಿಕೆ. ಅದು ತಮಿಳು ಸಿನಿಮಾದ್ದು ಎಂದು ಗೊತ್ತಿದ್ದದ್ದು ನಮ್ಮಣ್ಣನಿಗೆ, ನನಗೆ ಮತ್ತು ಆ ವಾಲಗದ ಮನೆಯವರಿಗೆ. ಯಾವುದಾದರೂ ಮದುವೆಯಲ್ಲಿ ಅದು ಶುರುವಾದರೆ ನಾನೂ ಅಣ್ಣನೂ ಜನರ ನಡುವಿನಿಂದ ಒಬ್ಬರನ್ನೊಬ್ಬರು ನೋಡಿಕೊಂಡು ನಗುತ್ತಿದ್ದೆವು.

ಇನ್ನು ಅಣ್ಣನ ಮಗಳ ಮದುವೆಯ ಮಾತು.

ಆ ವರ್ಷ ಮಳೆ ಕೈಕೊಟ್ಟಿತ್ತು. ಕಟ್ಟೆ ತುಂಬಿರಲಿಲ್ಲ, ನಾಲೆಗೆ ನೀರಿಲ್ಲ, ಕೆಳಗೆ ತಮಿಳುನಾಡಿಗೆ ಬಿಡಬೇಕು ಎಂಬ ಆದೇಶ ಬಂದಿತ್ತು. ಹೆದ್ದಾರಿಯಲ್ಲಿ ದಿನಾ ಧರಣಿ. ಕೇಬಲ್ಲಿನವರು ತಮಿಳು ಚಾನೆಲ್ಲುಗಳನ್ನು ನಿಲ್ಲಿಸಿದ್ದರು. ನಮ್ಮ ಸಂಘದ ಹೆಂಗಸರನ್ನು ಟೆಂಪೋದಲ್ಲಿ ತುಂಬಿಸಿಕೊಂಡು ನಾನೂ ಖಾಲಿ ಕೊಡ ಹಿಡಿದು ಹೋಗಿದ್ದೆ. ಅದರಲ್ಲಿ ನನಗೆ ಈಗಲೂ ನಾಚಿಕೆಯಿಲ್ಲ, ಒಣಗುತ್ತಿದ್ದದ್ದು ನಮ್ಮ ಭತ್ತ. ಆದರೆ ಮೈಕು ಕೈಗೆ ಬಂದಾಗ ನಾನು ನೀರಿನ ಮಾತು ಬಿಟ್ಟು ಬೇರೆ ಕಡೆ ಹೋದೆ. ಅವರ ಸಿನಿಮಾ ಬೇಡ, ಅವರ ಹಾಡು ಬೇಡ, ನಮ್ಮ ಮನೆಯೊಳಗೆ ಅವರ ಒಂದು ಅಕ್ಷರವೂ ಬರಬಾರದು ಎಂದು ಕೂಗಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹರಿಯಬಿಟ್ಟರು. ಒಂದು ವಾರ ನಾನು ನಮ್ಮ ತಾಲ್ಲೂಕಿಗೆಲ್ಲ ದೊಡ್ಡ ಮನುಷ್ಯಳಾಗಿದ್ದೆ.

ಮದುವೆ ಆದದ್ದು ಆ ವಾರದ ಕೊನೆಯಲ್ಲಿ, ಶ್ರೀರಂಗಪಟ್ಟಣದ ಒಂದು ಛತ್ರದಲ್ಲಿ. ಗಂಡು ಕೆ.ಆರ್. ಪೇಟೆ ಕಡೆಯವನು. ಬೀಗರ ಕಡೆ ಹೆಂಗಸರು ನನ್ನನ್ನು ಗುರುತು ಹಿಡಿದು, "ಓ, ಬಾಸಣ ಮಾಡಿದ್ರಲ್ಲ ಅವ್ರು ನೀವೇಯಾ?" ಎಂದು ಸುತ್ತ ಸೇರಿದರು. ನಾನು ಉಬ್ಬಿಹೋಗಿದ್ದೆ. ಬೆಳಗಿನಿಂದ ಅಣ್ಣನ ಪಕ್ಕಕ್ಕೆ ಒಂದು ಸಲವೂ ಹೋಗದೆ ಅವರ ಜೊತೆಯೇ ಇದ್ದೆ.

ಊಟವಾಗಿ ಹೆಣ್ಣೊಪ್ಪಿಸುವ ಹೊತ್ತಿಗೆ ಹಾಲಿನ ತಟ್ಟೆ ಬಂತು. ಅಣ್ಣ ಮಗಳ ಕೈಯನ್ನು ಹಾಲಿಗೆ ಅದ್ದಿದ. ವಾಲಗದಲ್ಲಿ ಆ ಹಾಡು ಎದ್ದಿತು. ಊದುತ್ತಿದ್ದವನು ಆ ಮುದುಕರ ಮಗ.

ಪಕ್ಕದಲ್ಲಿದ್ದ ಬೀಗರ ಕಡೆಯ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡು, "ನನ್ ಮಗಳ ಮದ್ವೇಲೂ ಇದ್ನೇ ಊದಿದ್ರು ಕಣವ್ವ" ಎಂದರು. ಆ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಇಲ್ಲಿ ಯಾರಿಗಾದರೂ ಈ ಹಾಡಿನ ಮೂಲ ಗೊತ್ತಿದ್ದರೆ? ನನ್ನ ತೌರಿನ ಮದುವೆಯಲ್ಲೇ ತಮಿಳು ಹಾಡು ಎಂದು ನಾಳೆ ಮೊಬೈಲಿನಲ್ಲಿ ಬಂದರೆ? ಅಣ್ಣ ನನ್ನ ಕಡೆ ನೋಡಿದ. ಪ್ರತಿ ಸಲ ನೋಡುವ ಹಾಗೆಯೇ, ನಗಲು ಸಿದ್ಧನಾಗಿ ನೋಡಿದ.

ನಾನು ಕೂಗಿದೆ. "ಏ, ನಿಲ್ಸ್ರಪ್ಪ! ಈ ತಮಿಳು ಪಿಚ್ಚರ್ ಆಡು ಬ್ಯಾಡ. ಬ್ಯಾರೆ ಏನಾರ ಊದಿ!"

ನಾಗಸ್ವರ ನಿಂತದ್ದು ಉಸಿರೆಳೆಯುವ ಜಾಗಕ್ಕಿಂತ ಮುಂಚೆಯೇ. ಡೋಲು ಎರಡು ಪೆಟ್ಟು ಹೆಚ್ಚಿಗೆ ಬಿದ್ದು ನಿಂತಿತು. ಹಿಂದೆ ನಿಂತಿದ್ದ ನಾಲ್ಕಾರು ಹುಡುಗರು ಮುಂದೆ ಬಂದರು. "ಏನು, ತಮಿಳು ಆಡಾ? ಯಾವೋನ್ಲಾ ಊದಕ್ಕೆ ಯೋಳಿದ್ದು?" ಎಂದು ವಾಲಗದವನ ಮೇಲೆ ಹೋದರು. ಒಬ್ಬ ಅವನ ಕೈಯಿಂದ ನಾಗಸ್ವರ ಕಿತ್ತುಕೊಳ್ಳಲು ಕೈಹಾಕಿದ.

ಅಣ್ಣ ಮಗಳ ಕೈ ಬಿಟ್ಟು ನಡುವೆ ಬಂದ. "ಅವ್ರದೇನಿಲ್ಲ ಕಣ್ರಪ್ಪ. ನಾನೇ ಯೋಳಿದ್ದು. ತೆಪ್ಪಾಯ್ತು" ಎಂದು ಕೈ ಮುಗಿದ. ಅವನ ಮಗನ ವಯಸ್ಸಿನ ಹುಡುಗರಿಗೆ ಕೈ ಮುಗಿದ. ಕೈಯಲ್ಲಿದ್ದ ಹಾಲು ಮೊಣಕೈವರೆಗೆ ಹರಿದು ಹೊಸ ಪಂಚೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಬೀಗರ ಪೈಕಿ ಹಿರಿಯರು ಹುಡುಗರನ್ನು ಗದರಿ ಹಿಂದಕ್ಕೆ ಕಳಿಸಿದರು. ವಾಲಗದವನು ಯಾವುದೋ ದೇವರನಾಮ ಎತ್ತಿಕೊಂಡ. ಅಣ್ಣ ಮತ್ತೆ ಹೋಗಿ ಮಗಳ ಕೈ ಹಿಡಿದ. ಆ ಹುಡುಗಿ ತಾಯಿಮನೆ ಬಿಟ್ಟು ಹೋಗುವಾಗ ಅಳಲಿಲ್ಲ, ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಾ ಕಾರು ಹತ್ತಿದಳು. ಅಣ್ಣ ನನ್ನ ಕಡೆ ನೋಡಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ನಾನು ಒಂದೇ ಸಮ ಮಾತಾಡಿದೆ. "ನಾನು ಯೋಳ್ದೆ ಇದ್ದಿದ್ರೆ ಇನ್ಯಾರೋ ಯೋಳ್ತಿದ್ರು. ಆಗ ಇನ್ನೂ ರಂಪ ಆಗೋದು. ನಾನು ಅಣ್ಣನ ಮರ್ವಾದೆ ಉಳ್ಸಿದ್ದು" ಎಂದೆ.

ನಮ್ಮ ಮನೆಯವರು ಕಾರು ಓಡಿಸುತ್ತಾ, "ಯಾರ್ಗೆ ಗೊತ್ತಿತ್ತು?" ಎಂದರು. ಅಷ್ಟೇ ಅಂದದ್ದು. ಮುನ್ನೂರು ಜನರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳಿದವಳು ನಾನು.

ಮೂರು ವಾರಕ್ಕೆ ಗೌರಿ ಹಬ್ಬ ಬಂತು. ನನಗೆ ಮದುವೆಯಾದಂದಿನಿಂದ ಅಣ್ಣ ಒಂದು ವರ್ಷವೂ ಬಾಗಿನ ತಪ್ಪಿಸಿದವನಲ್ಲ. ಮೊರ, ಸೀರೆ, ಬಳೆ, ತೆಂಗಿನಕಾಯಿ ಎಲ್ಲ ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ಸಿಳಿದು ನಡೆದುಕೊಂಡೇ ಬರುತ್ತಿದ್ದ. ಈ ಸಲ ಬರುವುದಿಲ್ಲ ಎಂದುಕೊಂಡಿದ್ದೆ. ಬರದಿದ್ದರೆ ನಾನೂ ಸಿಟ್ಟು ಮಾಡಿಕೊಂಡು ಹಗುರಾಗಬಹುದಿತ್ತು. ಹಬ್ಬದ ದಿನ ಹನ್ನೊಂದರ ಹೊತ್ತಿಗೆ ಬೀದಿಯ ತುದಿಯಲ್ಲಿ ಅವನು ಬರುವುದು ಕಾಣಿಸಿತು, ತಲೆಯ ಮೇಲೆ ಟವೆಲು, ಕಂಕುಳಲ್ಲಿ ಗಂಟು.

ಸೊಸೆಯನ್ನು ಕರೆದು, "ನಾನು ಸಂಘಕ್ಕೆ ಓಗಿವ್ನಿ ಅನ್ನು" ಎಂದು ಹೇಳಿ ಅಡುಗೆಮನೆಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡೆ. ಸೊಸೆ ನನ್ನ ಮುಖವನ್ನೇ ನೋಡಿದಳು, ಆದರೆ ಹೇಳಿದ ಹಾಗೆ ಮಾಡಿದಳು.

ಬಾಗಿಲ ಸಂದಿಯಿಂದ ಜಗಲಿ ಕಾಣುತ್ತಿತ್ತು. ಅಣ್ಣ ಗಂಟು ಇಳಿಸಿ ಕೂತ. ನೀರು ಕುಡಿದ. "ಅಬ್ಬದ್ ದಿನಾನೂ ಸಂಘವಾ?" ಎಂದು ನಕ್ಕ. ಆಗ ಅವನ ಕಣ್ಣು ಹೊಸ್ತಿಲ ಪಕ್ಕಕ್ಕೆ ಹೋಯಿತು. ನನ್ನ ಚಪ್ಪಲಿ ಅಲ್ಲೇ ಇತ್ತು. ನನಗಿರುವುದು ಒಂದೇ ಜೊತೆ ಎಂದು ಅವನಿಗೆ ಗೊತ್ತು. ಅವನೇ ಉಗಾದಿಯಲ್ಲಿ ಕೊಡಿಸಿದ್ದು.

ಅವನು ಒಳಗೆ ಇಣುಕಲಿಲ್ಲ. ಎದ್ದು, ಬಿಸಿಲಿನಲ್ಲಿ ಕಾಯುತ್ತಿದ್ದ ಚಪ್ಪಲಿಯನ್ನು ಕೈಯಿಂದ ಎತ್ತಿ ನೆರಳಿಗೆ ಇಟ್ಟ. "ಬತ್ತೀನಿ ಕಣವ್ವ, ಬಾಗ್ನ ಕೊಡು ನಿಮ್ಮತ್ತೆಗೆ" ಎಂದು ಸೊಸೆಗೆ ಹೇಳಿ ಹೊರಟುಹೋದ. ಊಟ ಮಾಡಲಿಲ್ಲ. ಹಬ್ಬದ ದಿನ ತಂಗಿಯ ಮನೆಗೆ ಬಂದವನು ಬರೀ ನೀರು ಕುಡಿದು ಹೋದ.

ಮಾರನೇ ವರ್ಷವೂ ಬಂದ. ಆಗ ನಾನು ಬಾಗಿಲಲ್ಲೇ ನಿಂತಿದ್ದೆ. ಇಬ್ಬರೂ ಕಬ್ಬಿನ ಮಾತಾಡಿದೆವು, ಅತ್ತಿಗೆಯ ಮಂಡಿ ನೋವಿನ ಮಾತಾಡಿದೆವು. ತಪ್ಪಾಯಿತು ಅನ್ನುವ ನಾಲ್ಕಕ್ಷರ ಗಂಟಲಿನವರೆಗೆ ಬಂದು ಹೋಯಿತು. ಈ ಊರಿನಲ್ಲಿ ತಹಸೀಲ್ದಾರರನ್ನೇ ನಿಲ್ಲಿಸಿ ಮಾತಾಡಿಸುವವಳು ನಾನು. ಅಣ್ಣನ ಮುಂದೆ ಪಾಯಸ ಬಡಿಸುತ್ತಾ ನಿಂತೆ.

ಆಮೇಲೆ ಅವನ ಕಿವಿ ಮಂದವಾಯಿತು. ವರ್ಷಗಟ್ಟಲೆ ಆಲೆಮನೆಯಲ್ಲಿ ಗಾಣದ ಇಂಜಿನ್ನಿನ ಪಕ್ಕವೇ ಕೂತಿದ್ದವನು. ಡಾಕ್ಟರು ಮೆಷಿನ್ ಕೊಟ್ಟರೆ ಎರಡು ದಿನ ಹಾಕಿ, "ಕಿವಿಯೊಳ್ಗೆ ಜೀರುಂಡೆ ಸಾಕ್ಕಂಡಂಗಾಯ್ತದೆ" ಎಂದು ಬೀರುವಿನಲ್ಲಿಟ್ಟುಬಿಟ್ಟ. ಈಗ ಅವನಿಗೆ ಏನು ಹೇಳಬೇಕಾದರೂ ಕೂಗಿ ಹೇಳಬೇಕು.

ಆ ಮಟ್ಟೂ ಹೋಯಿತು. ಹೋದ ವರ್ಷ ನಾಗಮಂಗಲದಲ್ಲಿ ಒಂದು ಮದುವೆಗೆ ಹೋಗಿದ್ದಾಗ ಅದೇ ವಾಲಗದವನು ಕಂಡ. ಹೆಣ್ಣೊಪ್ಪಿಸುವಾಗ ಈಚಿನ ಯಾವುದೋ ಸಿನಿಮಾ ಹಾಡು ಊದಿದ. ಮುಗಿದ ಮೇಲೆ ಹತ್ತಿರ ಹೋಗಿ, "ಆ ಹಳೇದು ಊದಲ್ವ?" ಎಂದು ಕೇಳಿದೆ. ಅವನು ನಾಗಸ್ವರದ ಬಾಯಿ ಒರೆಸುತ್ತಾ, "ಬ್ಯಾಡ ಬುಡಿ ಅವ್ವ, ಯಾಕೆ ರಗಳೆ. ಮೇಳದೋರೆಲ್ಲ ಬುಟ್ಬುಟ್ರು" ಎಂದ. ಆಮೇಲೆ ತಲೆಯೆತ್ತಿ ನೋಡಿದ. ನನ್ನ ಗುರುತು ಸಿಕ್ಕಿತು ಅಂತ ಅವನ ಮುಖ ನೋಡಿದರೆ ಗೊತ್ತಾಯಿತು. ಸಾಮಾನು ಚೀಲಕ್ಕೆ ತುಂಬಿಕೊಂಡು ಎದ್ದುಹೋದ.

ಅವತ್ತು ಮನೆಗೆ ಬಂದವಳು ಆ ಹಾಡನ್ನು ಹುಡುಕಲೇಬೇಕು ಎಂದು ಹಟ ಹಿಡಿದೆ. ಸಿನಿಮಾದ ಹೆಸರು ನಮಗೆ ಯಾವತ್ತೂ ಗೊತ್ತೇ ಇರಲಿಲ್ಲ. ಸೊಸೆ, "ಅತ್ತೆ, ಮೊಬೈಲಿಗೆ ಗುನುಗಿ, ಅದೇ ಹುಡ್ಕುತ್ತೆ" ಎಂದಳು. ನಾನು ಫೋನನ್ನು ಬಾಯಿಯ ಹತ್ತಿರ ಹಿಡಿದು ಗುನುಗಿದೆ. ಮೊದಲ ಸಲ ಯಾವುದೋ ಜಾಹೀರಾತು ಬಂತು, ಇನ್ನೊಂದು ಸಲ ಭಜನೆ. ಮೂರನೇ ಸಲ ಅಣ್ಣ ಮಾಡುತ್ತಿದ್ದ ಹಾಗೆ ಆ ಜಾಗದಲ್ಲಿ ನಿಲ್ಲಿಸಿ ಉಸಿರೆಳೆದುಕೊಂಡೆ. ಕಪ್ಪು ಬಿಳುಪಿನ ಹೊಳೆ, ತೆಪ್ಪ, ಮದುವಣಗಿತ್ತಿ ಪರದೆಯ ಮೇಲೆ ಬಂದರು.

ಆ ರಾತ್ರಿಯೇ ಇಡೀ ಸಿನಿಮಾ ನೋಡಿದೆ. ಈಗಲೂ ನನಗೆ ತಮಿಳು ಬರುವುದಿಲ್ಲ, ಆದರೆ ಕೆಲವಕ್ಕೆ ಭಾಷೆ ಬೇಕಾಗುವುದಿಲ್ಲ. ನಾಮಕರಣದ ದಿನ ತಂಗಿ ಬಾಗಿಲಿಗೆ ಬರುತ್ತಾಳೆ. ಅವಳ ಮುಖವನ್ನು ಪರದೆ ತುಂಬ ತೋರಿಸುತ್ತಾರೆ. ಬಿಸಿಲಿಲ್ಲ, ಮೋಡ ಮುಚ್ಚಿದ ದಿನ. ಅವಳು ಅಣ್ಣನ ಹರಿದ ಅಂಗಿಯನ್ನು ನೋಡುತ್ತಾಳೆ, ಹಿಂದೆ ತಿರುಗಿ ಒಳಗಿರುವ ನೆಂಟರನ್ನು ನೋಡುತ್ತಾಳೆ, ಮತ್ತೆ ಅಣ್ಣನನ್ನು ನೋಡುತ್ತಾಳೆ. ಗುರುತು ಸಿಗದವಳ ಹಾಗೆ ಬಾಗಿಲು ಹಾಕಿಕೊಳ್ಳುತ್ತಾಳೆ. ನಾನು ಫೋನ್ ಕೆಳಗಿಟ್ಟು ಅಡುಗೆಮನೆಯ ಬಾಗಿಲನ್ನು ನೋಡಿದೆ.

ಕೊನೆಯನ್ನೂ ನೋಡಿದೆ. ತೆಪ್ಪದವನು ಸಾಯುತ್ತಾನೆ. ಹೊಳೆದಂಡೆಯಲ್ಲಿ ಬಿಳಿ ಬಟ್ಟೆ ಹೊದಿಸಿರುತ್ತಾರೆ, ತಂಗಿ ಓಡಿಬರುತ್ತಾಳೆ, ಹಿನ್ನೆಲೆಯಲ್ಲಿ ಅದೇ ಹಾಡು ಕೊಳಲಿನಲ್ಲಿ ಬರುತ್ತದೆ. ಅವ್ವನನ್ನು ಬಿಳಿ ಬಟ್ಟೆಯಲ್ಲಿ ನೋಡಿ ಎರಡು ತಿಂಗಳಾಗಿದ್ದ ಮಗುವನ್ನು ನಮ್ಮಣ್ಣ ಯಾಕೆ ಅಷ್ಟು ಅವಸರದಲ್ಲಿ ಎತ್ತಿಕೊಂಡು ಹೊರಗೆ ಬಂದ ಎನ್ನುವುದು ನನಗೆ ಅರ್ಥವಾಗಲು ಐವತ್ತು ವರ್ಷ ಹಿಡಿಯಿತು.

ಮಾರನೇ ದಿನವೇ ಅರಕೆರೆಗೆ ಹೋದೆ. ಅಣ್ಣ ಜಗಲಿಯಲ್ಲಿ ಕೂತು ಹುರುಳಿ ಆರಿಸುತ್ತಿದ್ದ. ಅತ್ತಿಗೆ ಒಳಗೆ ಮುದ್ದೆಗೆ ಎಸರಿಟ್ಟಿದ್ದರು. ನಾನು ಅವನ ಪಕ್ಕ ಕೂತು ಫೋನನ್ನು ಹುರುಳಿಯ ಮೊರಕ್ಕೆ ಒರಗಿಸಿ ಸಿನಿಮಾ ಹಾಕಿದೆ. ತೆಪ್ಪ ಕಂಡದ್ದೇ ಅವನ ಮುಖ ಅರಳಿತು. "ಅಯ್, ಎಲ್ಲಿ ಸಿಕ್ತು ಇದು?" ಎಂದ. ಹಾಡು ಬಂತು. ಅವನಿಗೆ ಕೇಳಿಸುತ್ತಿರಲಿಲ್ಲ. ಹುಟ್ಟು ಬೀಳುವುದನ್ನು ನೋಡಿಕೊಂಡು ಬೆರಳಿನಲ್ಲಿ ಮೊರದ ಅಂಚಿಗೆ ತಾಳ ಹಾಕಿದ, ಅವನೇ ಗುನುಗಿದ. ಗುನುಗು ಹಾಡಿಗಿಂತ ಹಿಂದೆ ಬೀಳುತ್ತಿತ್ತು, ಶ್ರುತಿಯೂ ತಪ್ಪಿತ್ತು. ಉಸಿರೆಳೆಯುವ ಜಾಗದಲ್ಲಿ ಮಾತ್ರ ಸರಿಯಾಗಿ ನಿಲ್ಲಿಸಿದ.

ನಾಮಕರಣ ಬಂತು. ಹರಿದ ಅಂಗಿಯವನು ದೊಡ್ಡಮನೆಯ ಮುಂದೆ ನಿಂತ. ಆ ಮುಖ ಪರದೆ ತುಂಬ ಬಂತು, ಬಾಗಿಲು ಮುಚ್ಚಿತು. ನಾನು ನೆಲ ನೋಡುತ್ತಾ ಕೂತೆ.

ಅಣ್ಣ ನನ್ನ ಕಡೆ ವಾಲಿದ. ಎಪ್ಪತ್ತರ ಮುದುಕ ಅರವತ್ತು ಸಮೀಪಿಸಿದವಳ ಕಿವಿಯ ಹತ್ತಿರ ಬಾಯಿ ತಂದು, ಅವತ್ತು ಹೇಳಿದ ಹಾಗೆಯೇ ಹೇಳಿದ. "ಅವ್ಳು ನೋಡ್ನಿಲ್ಲ ಕಣವ್ವ. ಬಿಸ್ಲು ಕಣ್ಗೆ ಒಡೀತಿತ್ತು."

"ತೆಪ್ಪಾಯ್ತು ಕಣಣ್ಣ" ಎಂದೆ. ಅವನಿಗೆ ಕೇಳಿಸಲಿಲ್ಲ, ಪರದೆ ನೋಡುತ್ತಿದ್ದ. ಇನ್ನೊಂದು ಸಲ ಹೇಳಿದೆ. ಅದೂ ಕೇಳಿಸಲಿಲ್ಲ. ಆಗ ನನ್ನ ಇಡೀ ಗಂಟಲು ಬಿಟ್ಟು ಕೂಗಿದೆ. "ಅಣ್ಣೋ, ನನ್ನಿಂದ ತೆಪ್ಪಾಯ್ತು!"

ಎದುರುಮನೆಯವರು ಹೊರಗೆ ಬಂದರು. ಅತ್ತಿಗೆ ಮುದ್ದೆ ಕೋಲು ಹಿಡಿದುಕೊಂಡೇ ಬಾಗಿಲಿಗೆ ಓಡಿಬಂದು, "ಏನಾಯ್ತು? ಯಾರು ಕೂಗ್ಕಂಡಿದ್ದು?" ಎಂದು ಗಾಬರಿಯಾಗಿ ಕೇಳಿದರು.

ಅಣ್ಣ ತಲೆಯೆತ್ತದೆ ಹುರುಳಿಯಲ್ಲಿ ಒಂದು ಕಲ್ಲು ಹೆಕ್ಕಿ ಬಿಸಾಡಿದ. "ಏನಿಲ್ಲ ಓಗಮ್ಮಿ. ಪಿಚ್ಚರಲ್ಲಿ ಆ ತಂಗಿ ಅಳ್ತಾವ್ಳೆ" ಎಂದ.

ಅತ್ತಿಗೆ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದರು. ಅವನಿಗೆ ಕೇಳಿಸಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ. ಹಾಲು ಸುರಿಯುತ್ತಿದ್ದ ಆ ಕೈಗಳು ಇಷ್ಟು ಹತ್ತಿರದಲ್ಲಿ ಹುರುಳಿ ಆರಿಸುತ್ತಿದ್ದವು. ಅವನ್ನು ಹಿಡಿದುಕೊಳ್ಳಬಹುದಿತ್ತು. ನಾನು ಹಿಡಿದುಕೊಳ್ಳಲಿಲ್ಲ.

ಸಿನಿಮಾ ಮುಗಿಯಲು ಇನ್ನು ಸ್ವಲ್ಪವೇ ಇತ್ತು. ಹೊಳೆದಂಡೆ ಕಾಣಿಸಿತು. ಅಣ್ಣ ಮೊರ ಪಕ್ಕಕ್ಕಿಟ್ಟು ಫೋನನ್ನು ತೆಗೆದು ಬೋರಲು ಹಾಕಿ ನನ್ನ ಕೈಗೆ ಕೊಟ್ಟ. "ಏಳು, ನಿನ್ ಬಸ್ಸು ಓಯ್ತದೆ" ಎಂದ.

ನಾನು ಅವನ ಕಿವಿಯ ಹತ್ತಿರ ಬಗ್ಗಿ, "ಮುಂದೇನಾಯ್ತದೆ ಅಣ್ಣ?" ಎಂದು ಕೇಳಿದೆ.

"ಏನಾಯ್ತದೆ? ಇಬ್ರೂ ಚೆನ್ನಾಗಿರ್ತಾರೆ" ಎಂದು ಟವೆಲು ತಲೆಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಮುಂದಾದ. ನಾನು ಹಿಂದೆ ನಡೆದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು.